ಸಕ್ಕರೆಗೆಂದು ಕುಡಿದ ಕಷಾಯ

ನಮ್ಮ ಸೀಮೆಯಲ್ಲಿ ಸಕ್ಕರೆ ಕಾಯಿಲೆ ಮರ್ಯಾದಸ್ಥರ ಕಾಯಿಲೆ. ಮದುವೆ ಊಟದಲ್ಲಿ ಹೋಳಿಗೆ ಬಡಿಸಲು ಬಂದವನಿಗೆ ‘ನಂಗೆ ಶುಗರ್ರು’ ಎಂದು ಅಕ್ಕಪಕ್ಕದ ಎಲೆಗಳಿಗೂ ಕೇಳುವಂತೆ ಹೇಳಬಹುದು. ಪಕ್ಕದವರು ತಮ್ಮದನ್ನೂ ಹೇಳಿಕೊಂಡು ನೆಂಟರಾಗಿಬಿಡುತ್ತಾರೆ. ಕೆಲವು ಕೊರತೆಗಳನ್ನು ಮಾತ್ರ ಹಾಗೆ ಎಲೆ ಮುಂದೆ ಹೇಳಲಾಗುವುದಿಲ್ಲ. ನನಗೆ ಎರಡೂ ಇವೆ. ಮೊದಲನೆಯದನ್ನು ಊರಿಗೆಲ್ಲ ಸಾರಿ, ಎರಡನೆಯದನ್ನು ಅದರ ಬೆನ್ನ ಹಿಂದೆ ಬಚ್ಚಿಟ್ಟವನು ನಾನು.

ಮದುವೆಯಾಗಿ ವರ್ಷಗಳಾದರೂ ಮಕ್ಕಳಿಲ್ಲವೆಂದು ಪರೀಕ್ಷೆ ಮಾಡಿಸಿದಾಗ ಹೆಂಡತಿ ಲತಾಳಲ್ಲಿ ಯಾವ ದೋಷವೂ ಇರಲಿಲ್ಲ. ಡಾಕ್ಟರು ನನ್ನತ್ತ ತಿರುಗಿ, ‘ಸಕ್ಕರೆ ಹತೋಟಿ ತಪ್ಪಿ ಮೈಯೊಳಗೆ ಉರಿಯೂತ ಎದ್ದಿದೆ. ಅದರ ಪೆಟ್ಟು ವೀರ್ಯಕ್ಕೂ ಬಿದ್ದಿರಬಹುದು. ಮಾತ್ರೆ ನುಂಗಿ, ದಿನಾ ನಡೆಯಿರಿ’ ಎಂದರು. ಮಾತ್ರೆ ನುಂಗಿದೆ. ನಡೆಯುವ ಬದಲು ಆಟೊ ಹಿಡಿದು ಚಿನ್ನದ ಗಣಿ ಪಕ್ಕದ ಕೋರಮಂಡಲ್‌ನ ತಮಿಳು ನಾಟಿ ವೈದ್ಯರ ಬಳಿಗೆ ಹೋದೆ. ಅವರು ನೆಗ್ಗಿಲು ಮುಳ್ಳು, ಅಮೃತಬಳ್ಳಿ, ನೇರಳೆ ಬೀಜದ ಪುಡಿ ಕಟ್ಟಿಕೊಟ್ಟು, ‘ಸಕ್ಕರೆ, ಸಂತಾನ ರೆಂಡಕ್ಕೂ ಒಂದೇ ಕಷಾಯ, ತಂಬಿ’ ಎಂದರು. ಡಾಕ್ಟರಿಗೆ ತಿಳಿಸಿದಾಗ, ‘ಅದನ್ನ ನಂಬಿ ಮಾತ್ರೆ ಬಿಟ್ಟೀರಿ, ಜೋಕೆ’ ಎಂದು ಗದರಿದರು.

ರಾಬರ್ಟ್‌ಸನ್‌ಪೇಟೆಯಲ್ಲಿ ನನ್ನದು ಪಾತ್ರೆ ಅಂಗಡಿ. ನಾಮಕರಣದ ಉಡುಗೊರೆಗೆ ಬಟ್ಟಲು ಕೊಂಡವರಿಗೆ ಮಗುವಿನ ಹೆಸರು ಕೊರೆದು ಕೊಡುವುದೂ ನನ್ನ ಕೆಲಸವೇ. ಪರರ ಮಕ್ಕಳ ಹೆಸರು ಕೊರೆಯುವಾಗ ಒಂದೊಂದು ಅಕ್ಷರಕ್ಕೂ ಕೈ ನಿಲ್ಲುತ್ತದೆ. ಆಗ ಫ್ಲಾಸ್ಕಿನಿಂದ ಒಂದು ಗುಟುಕು ಕಷಾಯ. ‘ಏನಣ್ಣಾ ಅದು?’ ಎಂದರು ಪಕ್ಕದ ಟೀ ಅಂಗಡಿಯ ಸೆಲ್ವಂ. ‘ಸಕ್ಕರೆಗೆ’ ಎಂದೆ. ಅಷ್ಟೇ ಸಾಕಾಯಿತು. ಅವರಿಗೂ ಸಕ್ಕರೆ; ಅದರಿಂದಾದ ಪಾದದ ಉರಿಗೆಂದು ಅವರೂ ದಿನಾ ಲೋಟ ಹಿಡಿದು ಬರತೊಡಗಿದರು. ಆರು ಮಕ್ಕಳ ತಂದೆ ಅವರು. ಕಷಾಯದ ಇನ್ನೊಂದು ಗುಣದ ಅಗತ್ಯ ಅವರಿಗೆ ಎಳ್ಳಷ್ಟೂ ಇರಲಿಲ್ಲ. ಆದರೆ ಹೇಳುವುದು ಹೇಗೆ?

ಇದಿಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಹಳ್ಳಿಯಲ್ಲಿರುವ ಅವ್ವ ಬಂಗಾರಪೇಟೆಯ ನಮ್ಮ ಮನೆಗೆ ಬಂದಾಗೆಲ್ಲ ಸೊಸೆಗೆ ಮಕ್ಕಳಾಗಲೆಂದು ಒಂದು ಬೇರು ತರುತ್ತಿದ್ದಳು. ಅದನ್ನು ಅರೆದು ಕುಡಿದರೆ ಬೇವೂ ಸಿಹಿ ಅನ್ನಿಸಬೇಕು. ಲತಾ ತುಟಿಪಿಟಕ್ಕೆನ್ನದೆ ಕುಡಿಯುತ್ತಿದ್ದಳು. ‘ಅವ್ವಂಗೆ ನಿಜ ಏಳ್ಲಾ?’ ಎಂದರೆ, ‘ಬ್ಯಾಡ ಬುಡಿ, ನೀವ್ಯಾಕೆ ತಲೆ ತಗ್ಸಬೇಕು’ ಎನ್ನುತ್ತಿದ್ದಳು. ಬೇಡ ಅನ್ನಲಿ ಎಂದೇ ನಾನು ಕೇಳುತ್ತಿದ್ದುದು ಅವಳಿಗೂ ಗೊತ್ತಿತ್ತು.

ಮೊನ್ನೆ ಅರ್ಧ ಬಟ್ಟಲು ಕುಡಿದವಳಿಗೆ ವಾಂತಿಯಾಯಿತು. ಅವ್ವನ ಮುಖ ಅರಳಿತು. ‘ಏನಮ್ಮಾ, ಮುಟ್ಟು ನಿಂತೈತಾ?’ ಎಂದಳು. ಲತಾ ಇಲ್ಲವೆಂದು ತಲೆಯಾಡಿಸಿ ಅತ್ತುಬಿಟ್ಟಳು. ನನಗೆ ತಡೆಯಲಾಗಲಿಲ್ಲ.

‘ಅವ್ವಾ, ಅವ್ಳದೇನೂ ಇಲ್ಲ. ಕಮ್ಮಿ ಇರೋದು ನನ್ನಲ್ಲಿ’ ಎಂದೆ.

ಅವ್ವ ಸೊಸೆಯ ಬೆನ್ನು ನೀವಿದಳು. ಆಮೇಲೆ, ‘ನೀನು ಉಟ್ಟೋ ಗಂಟ ಈ ಬೇರು ಕುಡ್ದೋಳು ನಾನೇ ಕಣ್ಲಾ. ನಿಮ್ಮಪ್ಪನ್ನ ಒಬ್ರೂ ಒಂದ್ಮಾತು ಕೇಳ್ಲಿಲ್ಲ. ಇದನ್ನ ಏಳಾಕೆ ನಿಂಗೆ ಇಷ್ಟು ದಿನ ಬೇಕಾಯ್ತಾ?’ ಎಂದು ಉಳಿದ ಅರ್ಧ ಬಟ್ಟಲನ್ನು ನನ್ನ ಕೈಗಿಟ್ಟಳು. ಕುಡಿದೆ. ಕಣ್ಣಲ್ಲಿ ನೀರು ಬಂತು. ಕಹಿಗೆ ಬಂತು ಅಂದುಕೊಳ್ಳಲು ಅನುಕೂಲವಾಯಿತು.

ಅದೇ ಧೈರ್ಯದಲ್ಲಿ ಮರುದಿನ ಸೆಲ್ವಂಗೂ ಹೇಳಿದೆ: ‘ಇದು ಬರೀ ಸಕ್ಕರೆಗಲ್ಲ, ಮಕ್ಕಳಾಗೋಕೆ.’ ಪೇಟೆ ನಡುವೆ ನನ್ನ ಮಾನ ಹರಾಜಾಗುವುದನ್ನೇ ಕಾಯುತ್ತ ನಿಂತೆ. ಅವರು ಲೋಟವನ್ನು ಹಾವು ಕಂಡಂತೆ ನೋಡಿ, ‘ಅಯ್ಯೋ ಅಣ್ಣಾ, ಮೊದ್ಲೇ ಏಳಕ್ಕಾಗ್ಲಿಲ್ವಾ! ನಂಗಾಗ್ಲೇ ಆರು!’ ಎಂದು ಕಷಾಯವನ್ನು ಚರಂಡಿಗೆ ಸುರಿದರು. ನನ್ನ ಬಗ್ಗೆ ಒಂದು ಮಾತಿಲ್ಲ. ಯಾವ ಲೋಕದ ಬಾಯಿಗೆ ಹೆದರಿ ಲತಾ ಆ ಬೇರು ಕುಡಿಯುವುದನ್ನು ನೋಡುತ್ತ ಕೂತಿದ್ದೆನೋ, ಆ ಲೋಕ ಲೋಟ ತೊಳೆದುಕೊಂಡು ಟೀ ಕಾಸಲು ಹೋಯಿತು.