ಬೋಳು ಜಾಗಕ್ಕೆ ಬಂದ ಆಮೆ

"ಆ ಜಾಗದಲ್ಲಿ ಏನೂ ಇಲ್ಲ ಅಂಕಲ್. ಒಂದು ಕಪ್ಪೆ ಕೂಡ ಇಲ್ಲ."

ಬೆಳಿಗ್ಗೆ ಕಾರು ಹತ್ತುವಾಗ ಮುರಳೀಧರ ಹೀಗೆ ಅಂದುಬಿಟ್ಟದ್ದೇ ಎಲ್ಲಕ್ಕೂ ಮೂಲ. ರಾತ್ರಿಯಿಡೀ ಕೆಲಸದ ವರದಿ ಬರೆದು ನಿದ್ದೆಯಿಲ್ಲದೆ ಅವನ ಮುಖ ಹಿಂಡಿದ ನಿಂಬೆಹಣ್ಣಿನಂತಾಗಿತ್ತು. ಪಕ್ಕದ ಮನೆಯ ಬಸಲಿಂಗಪ್ಪನವರು ಅದನ್ನು ನೋಡಿ ಮರುಗಿದರು. ಹುಬ್ಬಳ್ಳಿಯಿಂದ ಬಂದು ಮಗಳ ಮನೆಯಲ್ಲಿದ್ದ ಅವರಿಗೆ ಇಂಗ್ಲಿಷ್ ಬಾರದು. ಕರುಣೆ ಮಾತ್ರ ಅತಿಯಾಗಿತ್ತು.

ಅಮೆರಿಕದ ಎಲಿಕಾಟ್ ಸಿಟಿಯಿಂದಾಚೆಗಿನ ಆ ಪುಟ್ಟ ಊರಿನ ಆಡಳಿತ ಮುರಳೀಧರನನ್ನು ನೇಮಿಸಿಕೊಂಡದ್ದು ಒಂದೇ ಕೆಲಸಕ್ಕೆ: ಊರಿನ ಒಡೆತನದ ಬೋಳು ಮೈದಾನದಲ್ಲಿ ಕಾಡುಹೂ ಬೆಳೆಸಿ, ಜೀವಜಂತು ಹೆಚ್ಚಿಸುವ ಯೋಜನೆ ಮಾಡಲು. ಈಗ ಏನೂ ಇಲ್ಲದಿದ್ದರೇ ಅವನಿಗೆ ಲಾಭ. ಆಗ ಮುಂದೆ ಬಂದದ್ದೆಲ್ಲ ಹೆಚ್ಚಳ. ಯೋಜನೆ ಒಪ್ಪಿಗೆಯಾದರೆ ಕೆಲಸ ಉಳಿಯುತ್ತಿತ್ತು, ಅದರ ಬಾಲ ಹಿಡಿದು ವೀಸಾ ಕೂಡ.

ಮಧ್ಯಾಹ್ನ ಮೇಲಧಿಕಾರಿ ಲೊರೇನ್ ಜಾಗ ನೋಡಲು ಬಂದಳು. ನೆರೆಯವರೂ ಸೇರಿದರು.

"ಹುಲ್ಲು ಬೆಳೆದ್ರೆ ರಕ್ತ ಹೀರೋ ಟಿಕ್ಸ್ ಬರಲ್ವಾ?" ಎಂದು ಎದುರುಮನೆಯ ಮೈಥಿಲಿ ಜಗಳಕ್ಕೇ ನಿಂತಳು. "ಹಾವು ಬಂದ್ರೆ ನೀವು ಹಿಡೀತೀರಾ?"

"ಹೂ ಬರತ್ತೆ ಮೇಡಂ, ಚಿಟ್ಟೆ ಬರತ್ತೆ..."

"ಚಿಟ್ಟೆ ನೋಡೋಕೆ ಯೂಟ್ಯೂಬ್ ಇದೆ!"

ಅಷ್ಟರಲ್ಲಿ ಲೊರೇನ್ ಕಿರುಚಿದಳು. ಅವಳ ಕಾಲ ಬಳಿ ಕಿತ್ತಳೆ ಚುಕ್ಕೆಗಳ ಕಾಡಾಮೆಯೊಂದು, ಊಟಕ್ಕೆ ಕಾದ ಬೀಗರಂತೆ ಕತ್ತೆತ್ತಿ ಎಲ್ಲರನ್ನೂ ನೋಡುತ್ತಿತ್ತು.

"ಮುರಳಿ! ಇದು ಅಪರೂಪದ ಜಾತಿ. ಈ ಜಾಗ ಈಗಲೇ ಇಷ್ಟು ಸಮೃದ್ಧವಾಗಿದ್ದರೆ ನಾವು ಹೆಚ್ಚಿಸುವುದೇನು? ಇದನ್ನು ಮುಟ್ಟುವುದೇ ಬೇಡ."

"ಅಂದ್ರೆ ಪ್ಲಾನ್ ಕ್ಯಾನ್ಸಲ್!" ಮೈಥಿಲಿ ಚಪ್ಪಾಳೆ ತಟ್ಟಿದಳು.

ಮುರಳೀಧರ ಬಗ್ಗಿ ಆಮೆಯನ್ನೇ ನೋಡಿದ. ವಾರಗಟ್ಟಲೆ ಅಲೆದರೂ ಒಂದು ಮಿಡತೆ ಸಿಗದ ನೆಲದಲ್ಲಿ ಆಮೆ ಎಲ್ಲಿಂದ ಬಂತು? ಯಾರೋ ತೋಳು ಹಿಡಿದು ಅವನನ್ನು ಪಕ್ಕಕ್ಕೆಳೆದರು. ಬಸಲಿಂಗಪ್ಪನವರು!

"ಹೆಂಗೈತಿ ತಮ್ಮಾ ನಮ್ಮ ಆಮಿ? ಮನಿ ಹಿಂದಿನ ಗಿಡಗಂಟ್ಯಾಗ ಸಿಕ್ತು, ತಂದು ಇಲ್ಲಿ ಬಿಟ್ಟೆ. ಏನೂ ಇಲ್ಲಂತ ಮಾರಿ ಸಣ್ಣ ಮಾಡಿದ್ಯಲ್ಲ, ನೋಡಾಕ ಆಗ್ಲಿಲ್ಲ."

ಮುರಳೀಧರ ಲೊರೇನ್ ಕಡೆ ಓಡಲು ತಿರುಗಿದ. ನಿಜ ಹೇಳಿದರೆ ಎಲ್ಲ ಸರಿಹೋಗುತ್ತದೆ!

ಮುದುಕರು ತೋಳು ಬಿಡಲಿಲ್ಲ. "ಯಾರ ಮುಂದೂ ಅನ್ನಬ್ಯಾಡಪಾ. ಕಾಡಪ್ರಾಣಿ ಹಿಡದ್ರ ಇಲ್ಲಿ ಕೇಸ್ ಅಂತ. ಮುಂದಿನ ವಾರ ನಂದು, ನಮ್ಮ ಮನಿಯಾಕಿ ಬಸವ್ವಂದು ಗ್ರೀನ್ ಕಾರ್ಡ್ ಇಂಟರ್‌ವ್ಯೂ ಐತಿ."

ಲೊರೇನ್ ಹತ್ತಿರ ಬಂದಳು. "ಇದನ್ನು ಯಾರಾದರೂ ತಂದು ಬಿಟ್ಟಿರಬಹುದೇ?"

ಮುರಳೀಧರ ಮುದುಕರ ಕೈ ನೋಡಿದ. ಉಗುರುಗಳಲ್ಲಿ ಇನ್ನೂ ಮಣ್ಣಿತ್ತು.

"ಇಲ್ಲ," ಎಂದ. ಅವನ ಅಮೆರಿಕ ಅಲ್ಲಿಗೆ ಮುಗಿಯಿತು.

ಅವಳು ಹೋಗುತ್ತಲೇ ಬಸಲಿಂಗಪ್ಪನವರು ಅವನ ಮುಖವನ್ನೇ ದಿಟ್ಟಿಸಿದರು. "ಮತ್ಯಾಕಪಾ ಇನ್ನೂ ಮಾರಿ ಸಣ್ಣ? ಒಂದು ಸಾಲಲಿಲ್ಲೇನು? ಚಿಂತಿ ಬಿಡು. ಮನ್ಯಾಗ ಬಕೆಟ್ಟಿನ್ಯಾಗ ಇನ್ನೂ ಎರಡು ಅದಾವ!"