ಅಣ್ಣನ ಕಾರಿನ ಕರಕರ

ಮಕ್ಕಳೇ, ಲೋಕದಲ್ಲಿ ಕೆಟ್ಟ ವಸ್ತು ಅಂತ ಯಾವುದೂ ಇಲ್ಲ, ಬಿಚ್ಚದೆ ಬಿಟ್ಟ ವಸ್ತು ಮಾತ್ರ ಇದೆ ಎಂದು ನಂಬಿರುವ ಒಬ್ಬ ಮನುಷ್ಯ ಭದ್ರಾವತಿಯಲ್ಲಿದ್ದಾನೆ. ನನ್ನ ಗ್ರಹಚಾರಕ್ಕೆ ಅವನು ನನ್ನ ಅಣ್ಣ! ನೀವು ಮಾವಜ್ಜ ಎನ್ನುತ್ತೀರಲ್ಲ, ಅವನೇ. ಕಾರ್ಖಾನೆಯಲ್ಲಿ ಲೇತ್ ಮೆಷಿನ್ನಿನ ಮುಂದೆ ನಿಂತೇ ಆಯಸ್ಸು ಕಳೆದು ರಿಟೈರಾದ. ಕೈ ಸುಮ್ಮನಿರಬೇಕಲ್ಲ? ಚೆನ್ನಾಗಿಯೇ ಓಡುತ್ತಿದ್ದ ನನ್ನ ಮಿಕ್ಸಿಯನ್ನು ಬಿಚ್ಚಿ ಮತ್ತೆ ಜೋಡಿಸಿದ. ನಾಲ್ಕು ಸ್ಕ್ರೂ ಮಿಕ್ಕವು. "ಕಂಪನಿಯೋರು ದಂಡಕ್ಕೆ ಹಾಕಿದ್ರು ಕಣೆ," ಎಂದ. ಅಂದಿನಿಂದ ಆ ಮಿಕ್ಸಿ ಚಟ್ನಿ ರುಬ್ಬುತ್ತಲೇ ಕಟ್ಟೆಯ ಮೇಲೆಲ್ಲ ವಾಕಿಂಗ್ ಹೋಗುತ್ತದೆ.

ಹೋದ ವರ್ಷ ಅವನ ಹಳೇ ಕಾರಿನ ಹಿಂದಿನ ಚಕ್ರಗಳಿಂದ ಕರಕರ ಶಬ್ದ ಶುರುವಾಯಿತು. ಎಂಥ ಶಬ್ದ ಅಂತೀರಿ? ಕಬ್ಬಿಣದ ಬಾಣಲೆಯನ್ನು ಸಿಮೆಂಟ್ ನೆಲದ ಮೇಲೆ ಎಳೆದ ಹಾಗೆ! ಪ್ರತಿ ಗುರುವಾರ ಅವನು ನನ್ನನ್ನು ನೋಡಲು ಶಿವಮೊಗ್ಗಕ್ಕೆ ಬರುತ್ತಾನೆ. ಕಾರು ರಾಗಿಗುಡ್ಡದ ತಿರುವಿನಲ್ಲಿರುವಾಗಲೇ ನನಗೆ ಗೊತ್ತಾಗುತ್ತಿತ್ತು, ಒಲೆಯ ಮೇಲೆ ಕಾಫಿಗೆ ನೀರಿಡುತ್ತಿದ್ದೆ.

ಕೊನೆಗೆ ಅವನ ಮಗನ ಸಹನೆ ಮುಗಿಯಿತು. "ಅಪ್ಪ, ಇಷ್ಟು ದೊಡ್ಡ ಶಬ್ದ ನಿಮಗೆ ಕೇಳಿಸಲ್ವಾ? ಭಾನುವಾರದೊಳಗೆ ಸರಿಯಾಗ್ಲಿಲ್ಲ ಅಂದ್ರೆ ಕೀ ನನ್ನ ಕೈಗೆ ಕೊಡಿ. ಇನ್ಮೇಲೆ ನೀವು ಓಡಿಸೋದು ಬೇಡ."

"ಕೇಳಿಸದೆ ಏನೋ? ಎಲ್ಲಿಂದ ಬರ್ತಿದೆ ಅಂತ ಪತ್ತೆ ಮಾಡ್ತಿದೀನಿ!" ಎಂದು ಅಣ್ಣ ಗುಡುಗಿದನಂತೆ. ಆದರೆ ಆ ಗುರುವಾರ ನನ್ನ ಮನೆಯಲ್ಲಿ ಬಲಮುಷ್ಟಿಯೊಳಗೆ ಕೀ ಬಿಗಿ ಹಿಡಿದು, ಎಡಗೈಯಲ್ಲೇ ಕಾಫಿ ಕುಡಿದ.

ಮೊದಲ ಸಂಶಯ ಡಿಕ್ಕಿಯ ಮೇಲೆ. "ಒಳಗಿರೋದು ಏನೋ ಅಲ್ಲಾಡ್ತಿದೆ," ಎಂದು ಅಲ್ಲಿದ್ದದ್ದನ್ನೆಲ್ಲ ತಂದು ನನ್ನ ಹಾಲ್‌ನಲ್ಲಿ ಸುರಿದ. ಎರಡು ಜಾಕ್, ಅರ್ಧ ಚೀಲ ನಟ್ಟು ಬೋಲ್ಟು, ರೆಕ್ಕೆ ಮುರಿದ ಫ್ಯಾನು, ನಾನು ಮನೆಯೆಲ್ಲ ಹುಡುಕಿ ಸೋತಿದ್ದ ಇಡ್ಲಿ ಪಾತ್ರೆಯ ಮುಚ್ಚಳ! ಶಬ್ದ ಹೋಗಲಿಲ್ಲ. ಮುಚ್ಚಳ ಸಿಕ್ಕಿತು.

"ಓಡಿಸೋನಿಗೆ ಹಿಂದಿನ ಶಬ್ದ ಸರಿಯಾಗಿ ಗೊತ್ತಾಗಲ್ಲ," ಎಂದು ಅಣ್ಣ ಹೊಸ ವಿಜ್ಞಾನ ತೆಗೆದ. "ನೀನು ಹಿಂದಿನ ಸೀಟಲ್ಲಿ ಮಲಗಿ ಕಿವಿ ಕೊಡು. ಎಡ ಚಕ್ರ ಆದ್ರೆ ನನ್ನ ಎಡ ಭುಜ ತಟ್ಟು, ಬಲ ಆದ್ರೆ ಬಲ. ಬಾಯಿ ಬಿಡ್ಬೇಡ, ಶಬ್ದ ಮುಚ್ಚಿಹೋಗುತ್ತೆ."

"ಜನ ನೋಡಿದ್ರೆ?"

"ಮಲಗಿದೋರು ಯಾರಿಗೆ ಕಾಣ್ತಾರೆ ಮಾರಾಯ್ತಿ!"

ಗಾಜನೂರಿನವರೆಗೂ ಹೀಗೇ ಹೋದೆವು. ನಾನು ಎರಡೂ ಭುಜ ತಟ್ಟಿದೆ. "ಎರಡೂ ಒಟ್ಟಿಗೆ ಹ್ಯಾಗೆ ಕೆಡುತ್ತೆ? ಸರಿಯಾಗಿ ಕೇಳು!" ಮತ್ತೆ ಎರಡೂ ತಟ್ಟಿದೆ. ವಾಪಸ್ ಬರುವಾಗ ಊರೊಳಗಿನ ಸಿಗ್ನಲ್‌ನಲ್ಲಿ ಪಕ್ಕಕ್ಕೆ ಒಂದು ಆಟೋ ಬಂದು ನಿಂತಿತು. ಅದರಲ್ಲಿ ಯಾರು? ನನ್ನ ಬೀಗಿತ್ತಿ, ಅಂದರೆ ನಿಮ್ಮ ಅಪ್ಪನ ಅಮ್ಮ! ನಾಚಿಕೆಯಾಗಿ ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡೆ. ಅದೇ ತಪ್ಪಾಯಿತು.

ನಾವು ಮನೆ ಮುಟ್ಟುವಷ್ಟರಲ್ಲಿ ಗೇಟಿನ ಹತ್ತಿರ ಮೂಸಂಬಿ, ಬ್ರೆಡ್ಡು, ಎಳನೀರು ಹಿಡಿದು ಏಳು ಜನ! "ಇವರಿಗೆ ಜ್ಞಾನ ಇದೆಯಾ?" ಎಂದು ಬೀಗಿತ್ತಿ ಅಣ್ಣನನ್ನು ಕೇಳಿದರು. ನಾನೇ ಬಾಗಿಲು ತೆಗೆದು ಇಳಿದೆ. ಆದರೂ ಇಬ್ಬರು ರಟ್ಟೆ ಹಿಡಿದು ಒಳಗೆ ಕರೆದೊಯ್ದರು. ಚಕ್ರದ ಶಬ್ದ ಕೇಳಲು ಮಲಗಿದ್ದೆ ಅಂತ ಬೀಗರಿಗೆ ಹೇಗೆ ಹೇಳುವುದು? ತೆಪ್ಪಗೆ ಹಾಸಿಗೆಯಲ್ಲಿ ಮಲಗಿ ಹಾಲಿನಲ್ಲಿ ಅದ್ದಿದ ಬ್ರೆಡ್ಡು ತಿಂದೆ. ಅಣ್ಣ ಪಕ್ಕದಲ್ಲಿ ಕುಳಿತು ಮೂಸಂಬಿ ಮುಗಿಸಿದ.

ಶನಿವಾರ ಬೇರೆ ದಾರಿ ಕಾಣದೆ ಭದ್ರಾವತಿಯ ಒಂದು ಗ್ಯಾರೇಜಿಗೆ ಹೋದೆವು. ಶಬ್ದ ಕೇಳಿದ ಸಾಕ್ಷಿ ಎಂದು ನನ್ನನ್ನೂ ಕರೆದೊಯ್ದ. ಮೇಸ್ತ್ರಿ ಜಾಕ್ ಹಾಕಿ ಹಿಂದಿನ ಚಕ್ರ ಎತ್ತಿ ಕೈಯಲ್ಲಿ ತಿರುಗಿಸಿದ. ಕರ್ರ್ ಎಂದಿತು ನೋಡಿ, ನನ್ನ ಹಲ್ಲೆಲ್ಲ ಜುಮ್ಮೆಂದವು, ಮಲಗಿದ್ದ ನಾಯಿ ಎದ್ದು ಓಡಿತು. ಅಣ್ಣ ಅತ್ತ ಮುಖ ಮಾಡಿ ಬಾನೆಟ್ಟಿನೊಳಗೆ ಬಗ್ಗಿದ್ದ. "ಶುರು ಮಾಡು ಮಾರಾಯ, ಎಷ್ಟೊತ್ತು?" ಎಂದು ಅಲ್ಲಿಂದಲೇ ಕೂಗಿದ.

ಮೇಸ್ತ್ರಿ ನನ್ನ ಮುಖ ನೋಡಿದ. ಏನೂ ಹೇಳಬೇಡ ಎಂದು ನಾನು ಕೈಸನ್ನೆ ಮಾಡಿದೆ.

ಡ್ರಮ್ ಬಿಚ್ಚಿದರೆ ಬ್ರೇಕಿನ ಲೈನಿಂಗ್ ಪೂರ್ತಿ ಸವೆದು ಕಬ್ಬಿಣಕ್ಕೆ ಕಬ್ಬಿಣ ಉಜ್ಜುತ್ತಿತ್ತು. ಎರಡೂ ಚಕ್ರದಲ್ಲಿ!

"ಸಾರ್, ಹ್ಯಾಂಡ್‌ಬ್ರೇಕ್ ಪೂರ್ತಿ ಇಳಿಸ್ದೇ ಓಡಿಸ್ತೀರಾ?" ಮೇಸ್ತ್ರಿ ಅಣ್ಣನೆದುರು ನಿಂತು ಜೋರಾಗಿ ಕೇಳಿದ.

"ಒಂದು ಹಲ್ಲು ಎಳೆದಿಟ್ಟಿರ್ತೀನಿ. ಸೇಫ್ಟಿ!"

"ಮುಂದೆ ಮೀಟರಲ್ಲಿ ಕೆಂಪು ದೀಪ ಉರಿಯಲ್ವಾ?"

"ಕಣ್ಣಿಗೆ ಹೊಡೀತಿತ್ತು. ಮೇಲೆ ನಂದಿ ಸ್ಟಿಕ್ಕರ್ ಅಂಟಿಸಿದೀನಿ."

ಮೇಸ್ತ್ರಿ ಕೈಮುಗಿದ. ನಂದಿಗೋ, ನನ್ನ ಅಣ್ಣನಿಗೋ ತಿಳಿಯಲಿಲ್ಲ.

ಹೊಸ ಬ್ರೇಕ್ ಹಾಕಿಸಿಕೊಂಡು ಹೊರಟೆವು. ಚಕ್ರಗಳು ತುಟಿಪಿಟಿಕ್ಕೆನ್ನಲಿಲ್ಲ. ಊರು ದಾಟಿದ ಮೇಲೆ ಅಣ್ಣ ಕಾರನ್ನು ರಸ್ತೆಯ ಬದಿಗೆ ನಿಲ್ಲಿಸಿ ನನ್ನ ಬಾಯಿಯನ್ನೇ ನೋಡಿದ. "ಹೋಯ್ತಾ?"

ತಲೆಯಾಡಿಸಿದೆ. ಆಮೇಲೆ ಅವನ ಕಿವಿಯ ಹತ್ತಿರ ಬಾಗಿ ಕೇಳಿದೆ, "ಎಷ್ಟು ದಿನದಿಂದ ಕೇಳಿಸ್ತಿಲ್ಲ ಅಣ್ಣ?"

ಗದರುತ್ತಾನೆ ಅಂದುಕೊಂಡೆ. ಅವನು ಸ್ಟೀರಿಂಗಿನ ಧೂಳನ್ನು ಹೆಬ್ಬೆರಳಿನಿಂದ ಒರೆಸುತ್ತ ಕುಳಿತ. "ಎರಡು ವರ್ಷ ಆಯ್ತು. ಎಲ್ಲಕ್ಕಿಂತ ಮೊದಲು ನಿನ್ನ ದನಿ ಹೋಯ್ತು ಕಣೆ. ನೀನು ಮೆತ್ತಗೆ ಮಾತಾಡ್ತೀಯಲ್ಲ. ಮಗನಿಗೆ ಗೊತ್ತಾದ್ರೆ ಕೀ ಕಿತ್ಕೋತಾನೆ. ಆಮೇಲೆ ಗುರುವಾರ ಬಂದು ನಿನ್ನ ಮುಖ ನೋಡೋದೂ ಇಲ್ಲ."

ಮಗನಿಗೆ ಅಣ್ಣನ ಬಾಯಿಂದಲೇ ಹೇಳಿಸಿದೆ. ಕಿವಿಗೆ ಮೆಷಿನ್ ಹಾಕಿಸಿಕೊಂಡರೆ ಕೀ ಅಪ್ಪನದೇ ಎಂದು ಮಗ ಒಪ್ಪಿದ. ಸೋಮವಾರ ಅವನೇ ನಮ್ಮಿಬ್ಬರನ್ನೂ ಡಾಕ್ಟರ ಹತ್ತಿರ ಕರೆದೊಯ್ದ.

ಡಾಕ್ಟರು ಮೆಷಿನ್ ಸಿಕ್ಕಿಸಿ, "ಯಾರಾದ್ರೂ ಮಾಮೂಲಿ ದನಿಯಲ್ಲಿ ಮಾತಾಡಿ," ಎಂದರು. ಎಲ್ಲರೂ ನನ್ನತ್ತ ತಿರುಗಿದರು. ಅಷ್ಟು ಜನರ ಮುಂದೆ ನನಗೇನು ತೋಚುತ್ತದೆ?

"ಊಟ ಆಯ್ತಾ ಅಣ್ಣ?" ಎಂದುಬಿಟ್ಟೆ. ಬೆಳಿಗ್ಗೆ ಹತ್ತು ಗಂಟೆಗೆ!

ಅಣ್ಣ ಕಣ್ಣು ಮುಚ್ಚಿಕೊಂಡು, "ಇನ್ನೊಂದ್ಸಲ ಕೇಳು," ಎಂದ.