ಅಶ್ವತ್ಥಮ್ಮನ ಕ್ಯಾಸೆಟ್ಟು

ಅಶ್ವತ್ಥಮ್ಮ ಹಾಡಿದ ಸೋಬಾನೆಯ ಕ್ಯಾಸೆಟ್ಟು ಅಂಟಿಕೊಂಡು ಕೂತದ್ದೇ ಅವತ್ತಿನ ರಗಳೆಗೆಲ್ಲ ಮೂಲ.

"ಇವತ್ತು ನಮ್ಮವ್ವನ ತಿಥಿ. ಎಡೆ ಇಕ್ಕೋ ಹೊತ್ಗೆ ಅವ್ಳ ದನಿ ಕೇಳ್ಬೇಕು," ಎಂದು ಮನೆ ಮಾಲೀಕ ಲಕ್ಷ್ಮಯ್ಯ ಕ್ಯಾಸೆಟ್ಟನ್ನು ಪ್ರೊಫೆಸರ್ ಕೊಟ್ರೇಶರ ಕೈಗಿಟ್ಟ. "ನನ್ ಮದ್ವೇದು ಸಾರ್. ಆಮೇಲೆ ಯಾರೂ ಮುಟ್ಟೇ ಇಲ್ಲ. ದನಿ ಬಂದ್ರೆ ರೂಮು ನಿಮ್ದೇ. ಇಲ್ಲಾಂದ್ರೆ ರೂಮು ಕೇಳ್ತಿರೋ ಬಿರಿಯಾನಿ ಹೋಟ್ಲೋರು ನಾಳೆನೇ ಬತ್ತಾರೆ."

ಪಟ್ಟಂದೂರು ಅಗ್ರಹಾರದ ಆ ಕೆಳಮನೆ ರೂಮು ಕೊಟ್ರೇಶರಿಗೆ ಬರೀ ರೂಮಲ್ಲ. ಎದುರಿನ ಐಟಿ ಪಾರ್ಕು ಇನ್ನೂ ರಾಗಿ ಹೊಲವಾಗಿದ್ದಾಗ, ಸಂಶೋಧನೆಗೆಂದು ದಾವಣಗೆರೆಯಿಂದ ಬಂದು ಅವರು ಬಾಡಿಗೆಗಿದ್ದದ್ದು ಅಲ್ಲೇ. ಕಾಂತೀಯ ವಸ್ತುಗಳಲ್ಲಿ ದನಿ, ಮಾಹಿತಿ ಹೇಗೆ ಉಳಿಯುತ್ತವೆ ಎಂಬುದು ಅವರ ಜೀವಮಾನದ ವಿಷಯ. ಆದರೆ ವೃತ್ತಿಯುದ್ದಕ್ಕೂ ಅವರದು ಊಟ ಮುಗಿದ ಮೇಲೆ ಮದುವೆಮನೆ ತಲುಪುವ ನೆಂಟನ ಪಾಡು. ಟೇಪಿನ ಲೇಪನದ ಮೇಲೆ ಪಿಎಚ್.ಡಿ. ಮುಗಿಸುವಷ್ಟರಲ್ಲಿ ಸಿ.ಡಿ. ಬಂತು. ಫ್ಲಾಪಿಯ ಬಗೆಗಿನ ಪ್ರಬಂಧ ಅಚ್ಚಾಗುವಷ್ಟರಲ್ಲಿ ಪೆನ್‌ಡ್ರೈವ್ ಬಂತು. ಹಾರ್ಡ್‌ಡಿಸ್ಕಿಗೊಂದು ಹೊಸ ಮಿಶ್ರಲೋಹ ಸಿಕ್ಕಿತು ಅನ್ನುವಾಗ ಅವರಿಗೇ ನಿವೃತ್ತಿ ಬಂತು. ಕಾಲೇಜು ಗುಜರಿಗೆ ಹಾಕಹೊರಟ ಯಂತ್ರಗಳನ್ನೆಲ್ಲ ಹೇರಿಕೊಂಡು ಅವರು ಹಳೆಯ ರೂಮಿಗೇ ಮರಳಿದ್ದರು.

"ಟೇಪು ತೇವ ಕುಡಿದಿದೆ. ಹದವಾಗಿ ಕಾಯಿಸಿದ್ರೆ ಬಿಟ್ಕೊಳ್ತದೆ," ಎಂದರು.

"ಇಡ್ಲಿ ಪಾತ್ರೆ ತರ್ಲಾ?" ಎಂದಳು ಲಕ್ಷ್ಮಯ್ಯನ ಹೆಂಡತಿ ಭಾಗ್ಯಮ್ಮ.

"ಆವಿ ಬೇಡ ತಾಯಿ!"

"ಅಕ್ಕಿ ಡಬ್ಬದಲ್ಲಿಡಿ ಸಾರ್. ನನ್ ಫೋನು ಹಂಗೇ ಬದುಕ್ಕೊಂಡಿದ್ದು," ಎಂದ ಮೇಲ್ಮನೆಯ ಹರ್ಷವರ್ಧನ್, ಲ್ಯಾಪ್‌ಟಾಪಲ್ಲಿ ಮೀಟಿಂಗು ಓಡುತ್ತಿರುವಾಗಲೇ ಇಳಿದು ಬಂದು.

ಕೊಟ್ರೇಶ್ ಯಾರ ಮಾತೂ ಕೇಳದೆ ಲ್ಯಾಬಿನ ಕರೆಂಟ್ ಒಲೆ ಹಚ್ಚಿದರು. ಫ್ಯೂಸ್ ಹಾರಿತು. ಮಿಕ್ಸಿಯಲ್ಲಿ ವಡೆ ಹಿಟ್ಟು ಅರ್ಧಕ್ಕೇ ನಿಂತಿತು. ಹರ್ಷನ ಮೀಟಿಂಗೂ ಕಡಿದುಬಿತ್ತು.

"ಸತ್ತೋರ್ನ ಎಬ್ಸಕ್ಕೋಗಿ ಬದ್ಕಿರೋರ್ನ ಉಪ್ವಾಸ ಕೆಡವ್ತೀರಾ?" ಭಾಗ್ಯಮ್ಮ ರೇಗಿದಳು.

ಫ್ಯೂಸ್ ಕಟ್ಟಿದ ಮೇಲೆ ಟೇಪು ಕಾಯಿಸಲು ಉಳಿದದ್ದು ಬಿಸಿಗಾಳಿಯಲ್ಲಿ ಬೇಯಿಸುವ ಹರ್ಷನ ಏರ್ ಫ್ರೈಯರ್ ಒಂದೇ. "ನಿನ್ನೆ ಕಬಾಬ್ ಮಾಡಿದ್ದೆ ಸಾರ್, ತೊಳ್ದಿಲ್ಲ," ಎಂದು ಅವನು ತಲೆ ಕೆರೆದುಕೊಂಡ.

"ಇರ್ಲಿ ಬಿಡು. ನಮ್ಮವ್ವಂಗೂ ಬಾಡಂದ್ರೆ ಪ್ರಾಣ," ಎಂದ ಲಕ್ಷ್ಮಯ್ಯ.

ಮಧ್ಯಾಹ್ನ ಫೋಟೋದ ಮುಂದೆ ಎಡೆ ಇಟ್ಟು ನೆಂಟರೆಲ್ಲ ಕೂತರು. ಹಳೆಯ ಟೇಪ್‌ರೆಕಾರ್ಡರ್ ಕಬಾಬಿನ ವಾಸನೆ ಬಿಡುತ್ತ ತಿರುಗಿತು. ಸೋಬಾನೆಯ ಎರಡು ಸಾಲು ಕೇಳಿಸಿತು. ಕೊಟ್ರೇಶರ ಎದೆ ಅರಳಿತು. ಆಮೇಲೆ 'ಟಕ್' ಎಂದಿತು.

"ಮಾದರಿ ಏಳು. ಲೇಪನ ತೆಳು. ದನಿ ಪರೀಕ್ಷೆ," ಎಂದಿತು ಎಳೆಯ ಗಂಡು ದನಿ.

ಎಲ್ಲರೂ ಕೊಟ್ರೇಶರತ್ತ ತಿರುಗಿದರು. ಅದು ಅವರದೇ ಹರೆಯದ ದನಿ. ಅಂದು ಈ ಮನೆಯ ಅಟ್ಟದಿಂದ ಖಾಲಿ ಎಂದುಕೊಂಡು ಎತ್ತಿಕೊಂಡು, ಪರೀಕ್ಷೆ ಮುಗಿಸಿ ಮತ್ತೆ ಅಲ್ಲೇ ಇಟ್ಟ ಕ್ಯಾಸೆಟ್ಟು! ಜಗತ್ತಿನ ನೆನಪುಗಳನ್ನು ಉಳಿಸಲು ಹೊರಟವನು ಮೊದಲು ಅಳಿಸಿದ್ದೇ ಆ ತಾಯಿಯ ಹಾಡನ್ನು.

"ಸಾರ್, ಇದು..." ಲಕ್ಷ್ಮಯ್ಯ ಎದ್ದು ನಿಂತ.

ಅಷ್ಟರಲ್ಲಿ ಟೇಪಿನೊಳಗೆ ಬಳೆ ಸದ್ದಾಯಿತು. "ಲೋ ಕೊಟ್ರೇಸಾ! ಒಬ್ನೇ ಯಾರತ್ರ ಮಾತಾಡ್ತಿದ್ದೀಯೋ? ಮುದ್ದೆ ಆರೋಯ್ತದೆ, ಬಾ ಮಗಾ!"

ಭಾಗ್ಯಮ್ಮ ಸೆರಗು ಬಾಯಿಗೊತ್ತಿದಳು. ಕೊಟ್ರೇಶರಿಗೆ ಸೊಪ್ಪಿನ ಸಾರಿನ ಘಮವೇ ಬಂದಂತಾಗಿ ಕಣ್ಣು ಮಂಜಾಯಿತು. ಮೂವತ್ತು ವರ್ಷದಿಂದ ಅವರನ್ನು ಹಾಗೆ ಊಟಕ್ಕೆ ಕರೆದವರಿರಲಿಲ್ಲ.

"ಹಾಡ್ಗಿಂತ ಇದೇ ಸಕ್ಕತ್ ಸಾರ್! ಅವ್ವ ಎದ್ರುಗೇ ನಿಂತಂಗೈತೆ," ಎಂದು ಲಕ್ಷ್ಮಯ್ಯ ಅವರ ಕೈ ಹಿಡಿದುಕೊಂಡ. "ರೂಮು ನಿಮ್ದೇ ಬಿಡಿ..."

ಟೇಪು ಇನ್ನೂ ಮುಗಿದಿರಲಿಲ್ಲ.

"ಉಂಡ್ಕಂಡು, ಈ ಕಬ್ಣದ ಸಾಮಾನೆಲ್ಲ ಸಂಜೆಯೊಳ್ಗೆ ರೂಮಿಂದ ಆಚೆಗಾಕು! ಲಚ್ಮಯ್ಯಾ, ಮುಂದೆ ನಿಂತು ಕಾಲಿ ಮಾಡ್ಸು. ಬಿಟ್ಟೀಯ ಮತ್ತೆ!"

'ಟಕ್.'

ಲಕ್ಷ್ಮಯ್ಯ ಫೋಟೋದತ್ತ ನೋಡಿದ, ಕೊಟ್ರೇಶರತ್ತ ನೋಡಿದ. ಹಿಡಿದಿದ್ದ ಕೈ ಮೆಲ್ಲಗೆ ಬಿಟ್ಟು, ಫೋಟೋಗೆ ಕೈ ಮುಗಿದ.

"ಅವ್ವನ ಮಾತು. ಮೀರಕ್ಕಾಯ್ತದಾ ಸಾರ್?"

ಭಾಗ್ಯಮ್ಮ ಎಲೆ ಹಾಸಿ ಬಿಸಿ ಮುದ್ದೆ ಇಟ್ಟಳು. "ಮೊದ್ಲು ಉಣ್ಣಿ ಸಾರ್. ಅದ್ನೂ ಅತ್ತೆನೇ ಹೇಳವ್ರೆ."